ಓದುಗರ ಪ್ರಶ್ನೆ: ಮನೆಯ ಬೆಲೆ ನೋಡಿ ಮಕ್ಕಳಿಗೆ ಪಾಠ

ಕಳೆದ ಸಂಚಿಕೆಲಿ ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ, ಅಮೆರಿಕಾದ ದೊಡ್ಡ ಊರುಗಳಲ್ಲಿ ಬಡವರ ಮಕ್ಕಳು ಹೋಗೋ ಸರ್ಕಾರಿ ಶಾಲೆಗೂ ಅಲ್ಲಿನ ಸಾಹುಕಾರರ ಪ್ರೈವೇಟ್ ಶಾಲೆಗೂ ಇರೋ ಅಂತರ ಹಣೆಬರಹ ಅಲ್ಲ, ಕಾನೂನು ಬರೆದು ಕೂರಿಸಿರೋದು ಅಂತ. ಅಷ್ಟಕ್ಕೇ ಸುಮಾರು ಪತ್ರ ಬಂದಿವೆ. ಕೆಲವರು ಒಪ್ಪಿದ್ದಾರೆ, ಕೆಲವರು ಚೆನ್ನಾಗಿ ತರಾಟೆಗೆ ತಗೊಂಡಿದ್ದಾರೆ, ಒಬ್ಬರಂತೂ ನಾಲ್ಕು ಪುಟ ಬರೆದಿದ್ದಾರೆ. ಎಲ್ಲಕ್ಕೂ ಜಾಗ ಸಾಲಲ್ಲ, ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಸೇರಿಸಿಕೊಂಡಿದ್ದೀನಿ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಸರ್, ಅಮೆರಿಕಾದಲ್ಲಿ ಸರ್ಕಾರಿ ಶಾಲೆನೇ ಚೆನ್ನಾಗಿರುತ್ತೆ, ಎಲ್ರೂ ಅಲ್ಲಿಗೇ ಕಳಿಸ್ತಾರೆ ಅಂತ ಕೇಳಿದ್ದೀನಿ. ಸರ್ಕಾರ ಒಂದೇ ಅಂದ್ಮೇಲೆ ಒಂದು ಶಾಲೆಗೆ ದುಡ್ಡು ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಹೆಂಗಾಗುತ್ತೆ? (ಡಿಗ್ರಿ ವಿದ್ಯಾರ್ಥಿನಿ)

ಉತ್ತರ: ನೀವು ಕೇಳಿರೋದರಲ್ಲಿ ಅರ್ಧ ನಿಜ ಇದೆ. ಅಲ್ಲಿ ಹತ್ತು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂಬತ್ತು ಮಕ್ಕಳು ಸರ್ಕಾರಿ ಶಾಲೆಗೇ ಹೋಗೋದು, ಸುಮಾರು 5 ಕೋಟಿ ಮಕ್ಕಳು. ಆದ್ರೆ ಸರ್ಕಾರ ಒಂದೇ ಅನ್ನೋದು ಮಾತ್ರ ತಪ್ಪು. ದೇಶ ಪೂರ್ತಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್ ಇವೆ, ಡಿಸ್ಟ್ರಿಕ್ಟ್ ಅಂದಾಕ್ಷಣ ನಮ್ಮ ಜಿಲ್ಲೆಯಷ್ಟು ದೊಡ್ಡದು ಅನ್ಕೋಬೇಡಿ, ಎಷ್ಟೋ ಕಡೆ ಅದು ಒಂದು ಊರು ಅಷ್ಟೇ, ಒಂದೇ ಊರೊಳಗೆ ನಾಲ್ಕೈದು ಇರೋದೂ ಉಂಟು. ಒಂದೊಂದು ಡಿಸ್ಟ್ರಿಕ್ಟಿಗೂ ತನ್ನದೇ ಬೋರ್ಡು, ತನ್ನದೇ ತೆರಿಗೆ, ತನ್ನದೇ ಗಡಿ. ಶಾಲೆ ದುಡ್ಡಲ್ಲಿ ಕೇಂದ್ರ ಸರ್ಕಾರದ್ದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ಉಳಿದಿದ್ದನ್ನ ರಾಜ್ಯ ಸರ್ಕಾರ ಮತ್ತು ಆ ಡಿಸ್ಟ್ರಿಕ್ಟಿನ ಜನ ಹೆಚ್ಚುಕಮ್ಮಿ ಸರಿಸಮ ಹಂಚ್ಕೊಳ್ತಾರೆ. ಆ ಜನರ ಪಾಲು ಬರೋದು ಬಹುತೇಕ ಪ್ರಾಪರ್ಟಿ ಟ್ಯಾಕ್ಸ್‌ನಿಂದ, ಅಂದ್ರೆ ಮನೆ ಕಂದಾಯದಿಂದ.

ಇಲ್ಲೇ ಇರೋದು ಗಂಟು. ದೊಡ್ಡ ದೊಡ್ಡ ಮನೆ ಇರೋ ಕಡೆ ಕಂದಾಯದ ದರ ಸ್ವಲ್ಪ ಇಟ್ರೂ ಶಾಲೆಗೆ ದುಡ್ಡು ಹರಿದು ಬರುತ್ತೆ, ಗುಡಿಸಲಂಥ ಮನೆಗಳಿರೋ ಕಡೆ ದರ ಡಬಲ್ ಮಾಡಿದ್ರೂ ಹುಟ್ಟಲ್ಲ. ಇದು ಬಾಯಿಮಾತಲ್ಲ, ಕೋರ್ಟಿನ ದಾಖಲೆಲೇ ಇದೆ. 1968-69ರಲ್ಲಿ ಕ್ಯಾಲಿಫೋರ್ನಿಯಾದ ಬಾಲ್ಡ್‌ವಿನ್ ಪಾರ್ಕ್ ಅನ್ನೋ ಸಾಧಾರಣ ಜನರ ಊರಲ್ಲಿ ನೂರು ಡಾಲರ್ ಆಸ್ತಿ ಮೌಲ್ಯಕ್ಕೆ 5 ಡಾಲರ್ 48 ಸೆಂಟ್ ಕಟ್ಟಿದ್ರೆ ಒಂದು ಮಗುವಿಗೆ ವರ್ಷಕ್ಕೆ 577 ಡಾಲರ್ ಖರ್ಚು ಮಾಡೋಕೆ ಆಗ್ತಿತ್ತು. ಸಿನಿಮಾ ಸ್ಟಾರ್‌ಗಳಿರೋ ಬೆವರ್ಲಿ ಹಿಲ್ಸ್‌ನಲ್ಲಿ ಬರೀ 2 ಡಾಲರ್ 38 ಸೆಂಟ್ ಕಟ್ಟಿ ಒಂದು ಮಗುವಿಗೆ 1,231 ಡಾಲರ್. ಅಂದ್ರೆ ಬಡವ ಎರಡು ಪಟ್ಟು ದರ ಕಟ್ಟಿ ಅರ್ಧ ಶಾಲೆ ತಗೊಂಡ. ಈ ಲೆಕ್ಕ ನೋಡಿಯೇ 1971ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು (ಅಲ್ಲಿ ರಾಜ್ಯ ರಾಜ್ಯಕ್ಕೂ ತನ್ನದೇ ದೊಡ್ಡ ಕೋರ್ಟು ಇರುತ್ತೆ), ಸೆರಾನೊ ಅನ್ನೋರ ಕೇಸಲ್ಲಿ, ಈ ಪದ್ಧತಿ ಸಮಾನತೆಗೆ ವಿರುದ್ಧ ಅಂದಿದ್ದು.

ಇನ್ನು ಬಡ ಬಡಾವಣೆಯ ಮನೆಗೆ ಬೆಲೆ ಯಾಕಿಲ್ಲ ಅನ್ನೋದೂ ತಾನಾಗೇ ಆಗಿದ್ದಲ್ಲ. 1930ರ ದಶಕದಲ್ಲಿ ಸರ್ಕಾರದ್ದೇ ಸಂಸ್ಥೆ ಊರೂರಿನ ಮ್ಯಾಪ್ ಮಾಡಿಸಿ, ಕಪ್ಪು ಜನ ಇರೋ ಏರಿಯಾಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಮನೆಸಾಲ ಅಪಾಯ ಅಂತ ಗುರುತು ಹಾಕ್ತು. ಸಾಲ ಹುಟ್ಟದ ಕಡೆ ಮನೆ ಬೆಲೆ ಏರಲ್ಲ, ಬೆಲೆ ಏರದ ಕಡೆ ಕಂದಾಯ ಹುಟ್ಟಲ್ಲ, ಕಂದಾಯ ಹುಟ್ಟದ ಕಡೆ ಶಾಲೆಗೆ ಮೇಷ್ಟ್ರು ಬರಲ್ಲ. ಅಜ್ಜನ ಮನೆ ಮೇಲೆ ಎಳೆದ ಕೆಂಪು ಗೆರೆ ಮೊಮ್ಮಗನ ಕ್ಲಾಸ್‌ರೂಮಿನ ತನಕ ಬಂತು.

ಪ್ರಶ್ನೆ: ಇಷ್ಟು ಕಣ್ಣಿಗೆ ಹೊಡೆಯೋ ಅನ್ಯಾಯ ಅಂದ್ರೆ ದೇಶದ ದೊಡ್ಡ ಕೋರ್ಟಿಗೆ ಯಾರೂ ಹೋಗಲಿಲ್ವೇ? ಅವರ ಸಂವಿಧಾನ ಏನು ಹೇಳುತ್ತೆ? (ನಿವೃತ್ತ ಹೆಡ್ ಮೇಷ್ಟ್ರು)

ಉತ್ತರ: ಹೋದ್ರು ಮೇಷ್ಟ್ರೇ, ಹೋಗಿ ಒಂದೇ ಒಂದು ಓಟಲ್ಲಿ ಸೋತ್ರು. ಈ ಕಥೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇವತ್ತಿಗೂ ಅಲ್ಲಿನ ಬಡ ಶಾಲೆಗಳ ಕೈ ಕಟ್ಟಿರೋದು ಇದೇ ತೀರ್ಪು.

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಊರು. ಆ ಊರು, ಅದರ ಸುತ್ತಮುತ್ತ ಇರೋ ಹಲವು ಸ್ಕೂಲ್ ಡಿಸ್ಟ್ರಿಕ್ಟುಗಳಲ್ಲಿ ಎರಡನ್ನ ನೋಡಿ, ಎಜ್‌ವುಡ್ ಅಂತ ಒಂದು, ಅಲಾಮೊ ಹೈಟ್ಸ್ ಅಂತ ಇನ್ನೊಂದು. ಎಜ್‌ವುಡ್‌ನಲ್ಲಿ ಬಹುತೇಕ ಮೆಕ್ಸಿಕನ್ ಮೂಲದ ಕೂಲಿ ಜನ, ಅಲಾಮೊ ಹೈಟ್ಸ್‌ನಲ್ಲಿ ಬಿಳಿಯ ಶ್ರೀಮಂತರು. 1968ರ ಮೇ ತಿಂಗಳಲ್ಲಿ ಎಜ್‌ವುಡ್ ಹೈಸ್ಕೂಲಿನ ಸುಮಾರು 400 ಮಕ್ಕಳು ಕ್ಲಾಸ್ ಬಿಟ್ಟು ಬೀದಿಗೆ ಬಂದ್ರು, ಅವರು ಕೇಳಿದ್ದು ಸರಿಯಾದ ಕಟ್ಟಡ, ಓದಿರೋ ಟೀಚರ್, ಅಷ್ಟೇ. ಆಗ ಅಪ್ಪ ಅಮ್ಮಂದಿರು ಸೇರಿ ಕೇಸ್ ಹಾಕಿದ್ರು. ಅವರಲ್ಲಿ ಮುಂದೆ ನಿಂತವರು ಡಿಮೆಟ್ರಿಯೊ ರೊಡ್ರಿಗೆಜ್, ಏರ್‌ಫೋರ್ಸ್ ಬೇಸ್‌ನಲ್ಲಿ ತಗಡಿನ ಕೆಲಸ ಮಾಡ್ತಿದ್ದವರು.

ಲೆಕ್ಕ ಕೇಳಿ. 1967-68ರಲ್ಲಿ ಎಜ್‌ವುಡ್ ಜನ ನೂರು ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ತೆರಿಗೆ ಹಾಕ್ಕೊಂಡಿದ್ರು, ಆ ಊರಿನ ಸುತ್ತಮುತ್ತ ಅದೇ ಎಲ್ಲಕ್ಕಿಂತ ಜಾಸ್ತಿ ದರ. ಅಲಾಮೊ ಹೈಟ್ಸ್‌ನವರದ್ದು 85 ಸೆಂಟ್. ರಾಜ್ಯದ ಯೋಜನೆಗೆ ಕೊಡಬೇಕಾದ ಪಾಲು ಕಳೆದ ಮೇಲೆ ಎಜ್‌ವುಡ್‌ಗೆ ತನ್ನ ತೆರಿಗೆಯಿಂದ ಒಂದು ಮಗುವಿಗೆ ಉಳಿದಿದ್ದು 26 ಡಾಲರ್, ಅಲಾಮೊ ಹೈಟ್ಸ್‌ಗೆ 333 ಡಾಲರ್. ರಾಜ್ಯ ಎಜ್‌ವುಡ್‌ಗೆ 222 ಕೊಟ್ರೆ ಅಲಾಮೊ ಹೈಟ್ಸ್‌ಗೆ 225 ಕೊಡ್ತು. ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಈ ಮೂರು ಡಾಲರ್ ವಿಷಯಕ್ಕೆ, ಇಲ್ಲದವರಿಗಿಂತ ಇರೋರಿಗೇ ರಾಜ್ಯ ಸರ್ಕಾರ ಮೂರು ಡಾಲರ್ ಹೆಚ್ಚಿಗೆ ಬಡಿಸಿತ್ತು. ಕೇಂದ್ರದ ಬಡಮಕ್ಕಳ ದುಡ್ಡೂ ಸೇರಿಸಿ ಕೊನೆಗೆ ಒಂದು ಕಡೆ 356, ಇನ್ನೊಂದು ಕಡೆ 594.

1971ರ ಡಿಸೆಂಬರ್‌ನಲ್ಲಿ ಕೆಳಗಿನ ಫೆಡರಲ್ ಕೋರ್ಟಲ್ಲಿ ರೊಡ್ರಿಗೆಜ್ ಗೆದ್ರು. 1973ರ ಮಾರ್ಚ್‌ನಲ್ಲಿ ದೇಶದ ಸುಪ್ರೀಂ ಕೋರ್ಟು 5-4ರಲ್ಲಿ ಅದನ್ನ ತಿರುಗಿಸಿ ಹಾಕ್ತು. ಬಹುಮತದ ತೀರ್ಪು ಬರೆದ ಜಸ್ಟಿಸ್ ಪವೆಲ್ ಹೇಳಿದ್ದು ಇಷ್ಟು, ನಮ್ಮ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕು ಅಂತ ಎಲ್ಲೂ ಬರೆದಿಲ್ಲ, ಆಸ್ತಿ ಕಮ್ಮಿ ಇರೋ ಡಿಸ್ಟ್ರಿಕ್ಟಿನ ಜನರನ್ನ ವಿಶೇಷ ರಕ್ಷಣೆ ಬೇಕಾದ ವರ್ಗ ಅನ್ನೋಕೂ ಆಗಲ್ಲ, ಸರಿಪಡಿಸೋದಿದ್ರೆ ರಾಜ್ಯಗಳು ಸರಿಪಡಿಸಿಕೊಳ್ಳಲಿ. ಭಿನ್ನ ತೀರ್ಪು ಬರೆದವರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್, 1954ರಲ್ಲಿ ಕಪ್ಪು ಬಿಳಿ ಮಕ್ಕಳ ಬೇರೆ ಬೇರೆ ಶಾಲೆ ಕಾನೂನುಬಾಹಿರ ಅಂತ ತೀರ್ಪು ಬಂದ ಕೇಸಿನಲ್ಲಿ ವಾದ ಮಾಡಿದ್ದ ವಕೀಲರು ಇವರೇ. ಮುಂದಿನ ವರ್ಷ, 1974ರಲ್ಲಿ, ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಊರಿನ ಕೇಸಲ್ಲಿ ಮತ್ತೆ 5-4, ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದಲಿ ಅಂತ ಊರೊಳಗಿನ ಮಕ್ಕಳನ್ನ ಹೊರವಲಯದ ಡಿಸ್ಟ್ರಿಕ್ಟುಗಳ ಜೊತೆ ಬೆರೆಸೋಕೆ ಕೋರ್ಟು ಹೇಳಂಗಿಲ್ಲ ಅಂತ. ಎರಡನ್ನೂ ಜೋಡಿಸಿ ನೋಡಿ. ಮೊದಲನೇ ತೀರ್ಪು ದುಡ್ಡು ಗಡಿ ದಾಟಬೇಕಿಲ್ಲ ಅಂತು, ಎರಡನೇದು ಮಕ್ಕಳೂ ಗಡಿ ದಾಟಬೇಕಿಲ್ಲ ಅಂತು.

ಅಲ್ಲಿಂದ ಮುಂದೆ ಜನ ರಾಜ್ಯಗಳ ಕೋರ್ಟಿಗೆ ಹೋದ್ರು, ಯಾಕಂದ್ರೆ ಅಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ, ಅದರಲ್ಲಿ ಶಾಲೆ ನಡೆಸೋದು ಸರ್ಕಾರದ ಜವಾಬ್ದಾರಿ ಅಂತ ಬರೆದಿದೆ. ಅದೇ ಎಜ್‌ವುಡ್ 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಲ್ಲಿ ಗೆದ್ದಿತು, ಅದೂ ಎಲ್ಲಾ ಜಡ್ಜುಗಳೂ ಒಮ್ಮತದಿಂದ. ಅವತ್ತಿಗೆ ಆ ರಾಜ್ಯದ ಅತಿ ಶ್ರೀಮಂತ ಡಿಸ್ಟ್ರಿಕ್ಟಿಗೂ ಅತಿ ಬಡ ಡಿಸ್ಟ್ರಿಕ್ಟಿಗೂ ತಲಾ ಆಸ್ತಿಯಲ್ಲಿ 700 ಪಟ್ಟು ವ್ಯತ್ಯಾಸ ಇತ್ತು. ಕೇಸ್ ಹಾಕಿದಾಗ ಚಿಕ್ಕವರಿದ್ದ ಮಕ್ಕಳೆಲ್ಲ ಅಷ್ಟು ಹೊತ್ತಿಗೆ ದೊಡ್ಡವರಾಗಿ ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಪ್ರಶ್ನೆ: ಅಂಕಿಅಂಶ ಬಿಡಿ ಸರ್, ಕ್ಲಾಸಿನೊಳಗೆ ಹೋಗಿ ನಿಂತ್ರೆ ಏನು ಕಾಣುತ್ತೆ? ಪ್ರೈವೇಟ್ ಶಾಲೆ ಅಷ್ಟೊಂದು ಬೇರೆ ಇರುತ್ತಾ? (ಬಿ.ಎಡ್. ಓದ್ತಿರೋ ಯುವಕ)

ಉತ್ತರ: ಮೊದಲು ಒಂದು ಸ್ಪಷ್ಟನೆ, ಅಮೆರಿಕಾದ ಪ್ರೈವೇಟ್ ಶಾಲೆಗಳೆಲ್ಲ ಸಾಹುಕಾರರದ್ದಲ್ಲ. ಹೆಚ್ಚಿನವು ಚರ್ಚಿನವರು ನಡೆಸೋ ಸಣ್ಣ ಸಣ್ಣ ಶಾಲೆಗಳು, ಅಲ್ಲೂ ಟೀಚರ್ ಸಂಬಳಕ್ಕೆ ಪರದಾಟ ಇದೆ. ನಾನು ಹೇಳ್ತಿರೋದು ಮೇಲ್ತುದಿಯ ಒಂದು ಹಿಡಿ ಶಾಲೆಗಳ ಬಗ್ಗೆ.

ನ್ಯೂ ಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ ತಗೊಳ್ಳಿ, 1781ರಲ್ಲಿ ಶುರುವಾದದ್ದು, ಹೈಸ್ಕೂಲ್ ಮಟ್ಟದ ಸುಮಾರು 1,100 ಮಕ್ಕಳು. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಅನ್ನೋ ಕೋಟ್ಯಧೀಶ ಸುಮಾರು 58 ಲಕ್ಷ ಡಾಲರ್ ದಾನ ಕೊಟ್ಟು, ಬೆಂಚು ಸಾಲು ತೆಗೆದು ಒಂದು ಮೊಟ್ಟೆಯಾಕಾರದ ಮೇಜಿನ ಸುತ್ತ ಹನ್ನೆರಡು ಮಕ್ಕಳು, ಒಬ್ಬರು ಮೇಷ್ಟ್ರು ಕೂತು ಮಾತಾಡ್ತಾ ಕಲಿಯೋ ಏರ್ಪಾಡು ಮಾಡಿಸಿದ್ರು, ಇವತ್ತಿಗೂ ಹಂಗೇ ನಡೀತಿದೆ. ಲೈಬ್ರರಿ ಕಟ್ಟಿಸಿದ್ದು ಲೂಯಿ ಕಾನ್ ಕೈಲಿ, ನಮ್ಮ ಅಹಮದಾಬಾದಿನ ಐಐಎಂ ಕಟ್ಟಡಗಳನ್ನ ವಿನ್ಯಾಸ ಮಾಡಿದ ಅದೇ ಮಹಾನುಭಾವ, ಎರಡೂವರೆ ಲಕ್ಷ ಪುಸ್ತಕ ಹಿಡಿಯೋ ಲೈಬ್ರರಿ ಅದು, ಒಂದು ಹೈಸ್ಕೂಲಿಗೆ! ಶಾಲೆಯ ದತ್ತಿ ನಿಧಿ 100 ಕೋಟಿ ಡಾಲರಿಗೂ ಜಾಸ್ತಿ. ನೀವೇ ಗುಣಿಸಿ ನೋಡಿ, 100 ಕೋಟಿಗೆ ವರ್ಷಕ್ಕೆ ಬರೀ ನಾಲ್ಕು ಪರ್ಸೆಂಟ್ ತೆಗೆದು ಖರ್ಚು ಮಾಡಿದ್ರೂ 4 ಕೋಟಿ, ಅಂದ್ರೆ ಫೀಸಿನ ಒಂದು ಡಾಲರೂ ಮುಟ್ಟದೆ ತಲಾ 36,000 ಡಾಲರ್. ದೇಶದ ಸರ್ಕಾರಿ ಶಾಲೆಗಳಲ್ಲಿ 2022ರಲ್ಲಿ ಶಾಲೆ ನಡೆಸೋಕೆ ಅಂತ ಒಂದು ಮಗುವಿಗೆ ಆದ ಸರಾಸರಿ ಖರ್ಚು, ಹೊಸ ಕಟ್ಟಡದ ಖರ್ಚು ಬಿಟ್ಟು, 15,633 ಡಾಲರ್. ಆ ಶಾಲೆ ಬಡಮಕ್ಕಳಿಗೂ ಫ್ರೀ ಸೀಟು ಕೊಡುತ್ತೆ, ಅದನ್ನ ಮುಚ್ಚಿಡಬಾರದು, ಆದ್ರೆ 1,100 ಸೀಟಲ್ಲಿ ಎಷ್ಟು ಜನ ಹಿಡಿಸ್ತಾರೆ ಹೇಳಿ. ನ್ಯೂಯಾರ್ಕ್ ಊರಿನ ಕೆಲವು ಹೆಸರಾಂತ ಪ್ರೈವೇಟ್ ಶಾಲೆಗಳಲ್ಲಿ ಈಗ ಹಾಸ್ಟೆಲ್ಲೂ ಇಲ್ಲದೆ ಬರೀ ವರ್ಷದ ಫೀಸೇ 60,000 ಡಾಲರ್ ದಾಟಿದೆ.

ಈಗ ಡೆಟ್ರಾಯ್ಟಿಗೆ ಬನ್ನಿ. 2016ರಲ್ಲಿ ಅಲ್ಲಿನ ಮಕ್ಕಳೇ ರಾಜ್ಯದ ಮೇಲೆ ಕೇಸ್ ಹಾಕಿದ್ರು, ನಮಗೆ ಓದೋಕೆ ಬರೆಯೋಕೆ ಕಲಿಯೋ ಹಕ್ಕಾದ್ರೂ ಇದೆಯಾ ಇಲ್ವಾ ಹೇಳಿ ಅಂತ. ಆ ದೂರಿನಲ್ಲಿದ್ದ ಒಂದು ಸಂಗತಿ ನನ್ನ ತಲೆಯಿಂದ ಹೋಗೋದೇ ಇಲ್ಲ: ಲೆಕ್ಕದ ಟೀಚರ್ ಸಿಗದೆ ಎಂಟನೇ ಕ್ಲಾಸಿನ ಒಂದು ಮಗು ಒಂದು ತಿಂಗಳು ಏಳು ಮತ್ತು ಎಂಟನೇ ಕ್ಲಾಸಿಗೆ ಲೆಕ್ಕ ಪಾಠ ಮಾಡಿತ್ತು. ಅಲ್ಲಿ ಹನ್ನೆರಡು ಮಕ್ಕಳಿಗೆ ಒಬ್ಬ ಮೇಷ್ಟ್ರು ಮೇಜಿನ ಸುತ್ತ ಕೂತಿದ್ರೆ ಇಲ್ಲಿ ಮಗುನೇ ಮೇಷ್ಟ್ರು. ಜೊತೆಗೆ ಪಠ್ಯಪುಸ್ತಕ ಸಾಲಲ್ಲ, ಕ್ಲಾಸಲ್ಲಿ ಇಲಿ, ಚಳಿಗಾಲದಲ್ಲಿ ಥರಗುಟ್ಟೋ ಚಳಿ. 2018ರ ಜನವರಿಲಿ ಬಾಲ್ಟಿಮೋರ್‌ನಲ್ಲೂ ಹೀಟಿಂಗ್ ಕೆಟ್ಟು ಮಕ್ಕಳು ಕೋಟು ಹಾಕ್ಕೊಂಡೇ ಕ್ಲಾಸಲ್ಲಿ ಕೂತಿದ್ರು, ಕೊನೆಗೆ ಊರಿನ ಶಾಲೆಗಳನ್ನೆಲ್ಲ ಮುಚ್ಚಬೇಕಾಯ್ತು. ಡೆಟ್ರಾಯ್ಟ್ ಕೇಸು 2020ರಲ್ಲಿ ರಾಜಿ ಆಯ್ತು, ಕನಿಷ್ಠ 9 ಕೋಟಿ 40 ಲಕ್ಷ ಡಾಲರ್ ಓದಿನ ಕಲಿಕೆಗೆ ಕೊಡಿಸೋಕೆ ಪ್ರಯತ್ನ ಮಾಡ್ತೀನಿ ಅಂತ ಗವರ್ನರ್ ಒಪ್ಪಿಕೊಂಡ್ರು, ದುಡ್ಡು ಮಂಜೂರಾಗಿದ್ದು 2023ರಲ್ಲಿ.

ಪ್ರಶ್ನೆ: ನಿಮ್ಮದು ಬರೀ ಭಾವುಕತೆ. ವಾಷಿಂಗ್ಟನ್, ಬಾಲ್ಟಿಮೋರ್ ಇಂಥ ಊರುಗಳಲ್ಲಿ ಒಂದು ಮಗುವಿಗೆ ದೇಶದ ಸರಾಸರಿಗಿಂತ ಜಾಸ್ತಿನೇ ಖರ್ಚಾಗುತ್ತೆ, ಆದ್ರೂ ರಿಸಲ್ಟ್ ಇಲ್ಲ. ದುಡ್ಡು ಸುರಿದ್ರೆ ಓದು ಬರುತ್ತಾ? ಮನೆ ವಾತಾವರಣ ಮುಖ್ಯ. (ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ನೀವು ಕೊಟ್ಟ ಮಾಹಿತಿ ಸರಿ ಇದೆ, ಅದಕ್ಕೇ ನಿಮ್ಮ ಪ್ರಶ್ನೆ ಪೂರ್ತಿ ಹಾಕಿದ್ದೀನಿ. ಹಲವು ದೊಡ್ಡ ಊರುಗಳಲ್ಲಿ ಈಗ ತಲಾ ಖರ್ಚು ಸರಾಸರಿಗಿಂತ ಜಾಸ್ತಿ ಇದೆ. ಬಡಮಕ್ಕಳಿರೋ ಶಾಲೆಗಳಿಗೆ ಕೇಂದ್ರದ ದುಡ್ಡು ಹೋಗೋ ಕಾನೂನಿಗೆ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ರು, ಅವರೂ ಹಿಂದೆ ಟೆಕ್ಸಸ್‌ನ ಮೆಕ್ಸಿಕನ್ ಬಡಮಕ್ಕಳಿಗೆ ಪಾಠ ಹೇಳಿದ್ದ ಮೇಷ್ಟ್ರೇ. ಅದು, ಆಮೇಲೆ ಕೋರ್ಟುಗಳ ಆದೇಶ, ಇವೆರಡೂ ಸೇರಿ ಹಳೇ ಅಂತರ ಕೆಲವು ಕಡೆ ಕಮ್ಮಿ ಮಾಡಿವೆ.

ಆದ್ರೆ ಆ ದುಡ್ಡು ಎಲ್ಲಿಗೆ ಹೋಗುತ್ತೆ ನೋಡಬೇಕಲ್ವಾ. ಊರಿನ ಸರ್ಕಾರಿ ಶಾಲೆ ಬಾಗಿಲಿಗೆ ಬಂದ ಯಾವ ಮಗುವನ್ನೂ ವಾಪಸ್ ಕಳಿಸಂಗಿಲ್ಲ. ಕಿವಿ ಕೇಳದ ಮಗು, ಆಟಿಸಂ ಇರೋ ಮಗು, ನಿನ್ನೆ ತಾನೇ ಬೇರೆ ದೇಶದಿಂದ ಬಂದು ಒಂದಕ್ಷರ ಇಂಗ್ಲಿಷ್ ಬಾರದ ಮಗು, ಇರೋಕೆ ಮನೆನೇ ಇಲ್ಲದ ಮಗು, ಎಲ್ರಿಗೂ ಬೇಕಾದ್ದನ್ನ ಕೊಡಬೇಕು. ವಿಶೇಷ ಮಕ್ಕಳ ಶಿಕ್ಷಣಕ್ಕೆ 1975ರಲ್ಲಿ ಕಾನೂನು ಮಾಡುವಾಗ ಹೆಚ್ಚುವರಿ ಖರ್ಚಿಗೆ ಅಂತ ದೇಶದ ಸರಾಸರಿ ತಲಾ ಖರ್ಚಿನ ನೂರಕ್ಕೆ 40ರ ತನಕ ನಾವು ಕೊಡ್ತೀವಿ ಅಂದಿದ್ದ ಕೇಂದ್ರ ಸರ್ಕಾರ ಆ ಮಾತು ಪೂರ್ತಿ ಉಳಿಸಿಕೊಂಡಿದ್ದೇ ಇಲ್ಲ, ಉಳಿದ ಭಾರ ಊರಿನ ಶಾಲೆ ತಲೆ ಮೇಲೆ. ಅದರ ಮೇಲೆ ಎಪ್ಪತ್ತು ಎಂಬತ್ತು ವರ್ಷದ ಕಟ್ಟಡಗಳ ರಿಪೇರಿ, ಹಳೇ ಪೆನ್ಷನ್ ಬಾಕಿ. ಸಾಹುಕಾರರ ಪ್ರೈವೇಟ್ ಶಾಲೆ ಎಂಟ್ರೆನ್ಸ್ ಮಾಡಿ ಆರಿಸಿಕೊಳ್ಳುತ್ತೆ, ಅದರ ಅಷ್ಟೂ ದುಡ್ಡು ಆರಿಸಿದ ಮಕ್ಕಳ ಪಾಠಕ್ಕೇ ಹೋಗುತ್ತೆ. ಇಬ್ಬರ ಖರ್ಚನ್ನೂ ಒಂದೇ ತಕ್ಕಡಿಲಿ ಇಟ್ಟು ತೂಗೋದು ನ್ಯಾಯ ಅಲ್ಲ.

ಮನೆ ವಾತಾವರಣ ಮುಖ್ಯ ಅನ್ನೋದಕ್ಕೆ ಎಲ್ರೂ ಹಿಡ್ಕೊಳ್ಳೋದು 1966ರ ಕೋಲ್‌ಮನ್ ವರದಿ. ಆರು ಲಕ್ಷದಷ್ಟು ಮಕ್ಕಳನ್ನ ಸರ್ವೆ ಮಾಡಿ, ಕಲಿಕೆ ಮೇಲೆ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆನೇ ಜಾಸ್ತಿ ಪ್ರಭಾವ ಬೀರುತ್ತೆ ಅಂದ ವರದಿ ಅದು. ಅದು ಆ ಹೊತ್ತಿನ ಒಂದು ಸರ್ವೆ, ಅದೇ ಮಗುವಿಗೆ ಹೆಚ್ಚು ದುಡ್ಡು ಕೊಟ್ಟಿದ್ರೆ ಏನಾಗ್ತಿತ್ತು ಅಂತ ಅದು ಹೇಳೋಕಾಗಲ್ಲ. ಅದಕ್ಕೆ ಉತ್ತರ ಬೇರೆ ಕಡೆ ಸಿಕ್ತು. 1985ರಿಂದ ನಾಲ್ಕು ವರ್ಷ ಟೆನೆಸಿ ರಾಜ್ಯದಲ್ಲಿ ಚೀಟಿ ಎತ್ತಿದ ಹಾಗೆ ಮಕ್ಕಳನ್ನ ಹಂಚಿ, ಕೆಲವರನ್ನ 13ರಿಂದ 17 ಜನರ ಸಣ್ಣ ಕ್ಲಾಸಿಗೆ, ಕೆಲವರನ್ನ 22ರಿಂದ 25 ಜನರ ಕ್ಲಾಸಿಗೆ ಹಾಕಿ ನೋಡಿದ್ರು. ಸಣ್ಣ ಕ್ಲಾಸಿನ ಮಕ್ಕಳು ಮುಂದೆ ಬಂದ್ರು, ಅದರಲ್ಲೂ ಕಪ್ಪು ಮಕ್ಕಳಿಗೆ, ಬಡಮಕ್ಕಳಿಗೆ ಲಾಭ ಜಾಸ್ತಿ. ಸಣ್ಣ ಕ್ಲಾಸು ಅಂದ್ರೆ ಇನ್ನೊಬ್ಬ ಟೀಚರ್, ಇನ್ನೊಂದು ರೂಮು, ಅಂದ್ರೆ ದುಡ್ಡೇ ತಾನೆ. ಆಮೇಲೆ ಜಾಕ್ಸನ್, ಜಾನ್ಸನ್, ಪೆರ್ಸಿಕೊ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು, ಕೋರ್ಟಿನ ಆದೇಶದಿಂದ ಶಾಲೆ ದುಡ್ಡು ಏರಿದ ಕಡೆಯ ಮಕ್ಕಳು ದೊಡ್ಡವರಾದ ಮೇಲೆ ಏನಾದ್ರು ಅಂತ ಹಿಂಬಾಲಿಸಿ 2016ರಲ್ಲಿ ಪ್ರಕಟ ಮಾಡಿದ್ರು. ಹನ್ನೆರಡು ವರ್ಷವೂ ಖರ್ಚು ಹತ್ತು ಪರ್ಸೆಂಟ್ ಜಾಸ್ತಿ ಇದ್ರೆ ಬಡಮನೆಯ ಮಕ್ಕಳು ಸರಾಸರಿ ಅರ್ಧ ವರ್ಷದಷ್ಟು ಹೆಚ್ಚು ಓದಿದ್ರು, ದೊಡ್ಡವರಾದ ಮೇಲೆ ಗಳಿಕೆ ಹತ್ತತ್ರ ಹತ್ತು ಪರ್ಸೆಂಟ್ ಏರ್ತು. ಹನ್ನೆರಡು ವರ್ಷ ಅನ್ನೋದನ್ನ ಗಮನಿಸಿ, ಒಂದು ವರ್ಷ ಕೊಟ್ಟು ರಿಸಲ್ಟ್ ಎಲ್ಲಿ ಅಂತ ಕೇಳೋದಲ್ಲ.

ದುಡ್ಡು ಪೋಲಾಗೋದೂ ಉಂಟು, ಅದನ್ನ ನಾನು ಇಲ್ಲ ಅನ್ನಲ್ಲ, ಆಫೀಸಿನ ಮೇಲೆ ಆಫೀಸು ಕಟ್ಟಿ ಕ್ಲಾಸಿಗೆ ತಲುಪದೇ ಇರೋ ದುಡ್ಡಿಗೆ ಲೆಕ್ಕ ಕೇಳಲೇಬೇಕು. ಆದ್ರೆ ದುಡ್ಡಿಂದ ಓದು ಬರಲ್ಲ ಅನ್ನೋದು ನಿಜವೇ ಆಗಿದ್ರೆ 60,000 ಡಾಲರ್ ಫೀಸು ಕಟ್ಟೋ ಜನರಿಗೆ ಅದು ಗೊತ್ತಾಗದೇ ಇರ್ತಿತ್ತಾ?

ಪ್ರಶ್ನೆ: ನಾವು ನ್ಯೂಜೆರ್ಸಿಲಿ ಇದ್ದೀವಿ. ಮನೆ ತಗೊಳ್ಳೋವಾಗ ಸ್ಕೂಲ್ ರೇಟಿಂಗ್ ನೋಡಿಯೇ ಈ ಟೌನ್ ಆರಿಸಿಕೊಂಡ್ವಿ, ಅದಕ್ಕೋಸ್ಕರ ಸಾಲ ಜಾಸ್ತಿನೇ ಮಾಡಿದ್ವಿ. ನಿಮ್ಮ ಬರಹ ಓದಿದ ಮೇಲೆ ಮನಸ್ಸಿಗೆ ಒಂಥರಾ ಆಗಿದೆ. ನಮ್ಮದು ತಪ್ಪಾ? (ಇಬ್ಬರು ಮಕ್ಕಳ ತಾಯಿ)

ಉತ್ತರ: ತಪ್ಪು ಅನ್ನಲ್ಲ ಅಮ್ಮಾ. ಹೆತ್ತವರು ಮಕ್ಕಳಿಗೆ ಒಳ್ಳೇದು ನೋಡದೆ ಇನ್ನೇನು ಮಾಡ್ತಾರೆ, ನಿಮ್ಮ ಜಾಗದಲ್ಲಿದ್ರೆ ನಾನೂ ಅದನ್ನೇ ಮಾಡ್ತಿದ್ದೆ ಅನ್ಸುತ್ತೆ. ಆದ್ರೆ ಒಂದು ವಿಷಯ ನೇರವಾಗಿ ಹೇಳಬೇಕು, ನಿಮ್ಮ ಮಕ್ಕಳು ಹೋಗ್ತಿರೋದು ಫ್ರೀ ಸರ್ಕಾರಿ ಶಾಲೆ ಅಂತ ಬೋರ್ಡಿನ ಮೇಲಿದ್ರೂ ಅದಕ್ಕೆ ಫೀಸಿದೆ, ಅದನ್ನ ನೀವು ಬ್ಯಾಂಕಿಗೆ ತಿಂಗಳು ತಿಂಗಳು ಮನೆ ಕಂತಿನ ರೂಪದಲ್ಲಿ ಕಟ್ತಿದ್ದೀರ. ಆ ಕಂತು ಕಟ್ಟಲಾಗದವರಿಗೆ ಆ ಶಾಲೆ ಇಲ್ಲ. ಪ್ರೈವೇಟ್ ಶಾಲೆ ಗೇಟಿನಲ್ಲಿ ಫೀಸು ಕೇಳುತ್ತೆ, ಒಳ್ಳೇ ಟೌನಿನ ಸರ್ಕಾರಿ ಶಾಲೆ ಊರ ಬಾಗಿಲಲ್ಲೇ ಕೇಳುತ್ತೆ.

ನೀವಿರೋ ರಾಜ್ಯ ಈ ವಿಷಯದಲ್ಲಿ ಬಹಳ ದೊಡ್ಡ ಹೋರಾಟ ಕಂಡ ರಾಜ್ಯ, ಅದು ಅಲ್ಲಿರೋ ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ ಅನ್ಸುತ್ತೆ. ಕ್ಯಾಮ್ಡನ್, ಜೆರ್ಸಿ ಸಿಟಿ, ಈಸ್ಟ್ ಆರೆಂಜ್, ಇರ್ವಿಂಗ್‌ಟನ್ ಊರಿನ ಮಕ್ಕಳ ಹೆಸರಲ್ಲಿ 1981ರಲ್ಲಿ ಹಾಕಿದ ಆಬಟ್ ಕೇಸಲ್ಲಿ 1990ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬಡ ಊರುಗಳ ಶಾಲೆಗೆ ಶ್ರೀಮಂತ ಹೊರವಲಯದ ಶಾಲೆಯಷ್ಟೇ ದುಡ್ಡು ಸಿಗಬೇಕು ಅಂತು. 1998ರಲ್ಲಿ ಇನ್ನೂ ಮುಂದೆ ಹೋಗಿ ಆ ಡಿಸ್ಟ್ರಿಕ್ಟುಗಳ ಮೂರು ನಾಲ್ಕು ವರ್ಷದ ಮಕ್ಕಳಿಗೆ ಒಳ್ಳೇ ಗುಣಮಟ್ಟದ ಪ್ರೀಸ್ಕೂಲ್ ಕೊಡಲೇಬೇಕು ಅಂತು. ಮುಂದೆ ಅದು 31 ಡಿಸ್ಟ್ರಿಕ್ಟಿಗೆ ಸಿಕ್ತು. ಹಾಗೇ 1975ರಲ್ಲಿ ಮೌಂಟ್ ಲಾರೆಲ್ ಅನ್ನೋ ಕೇಸಲ್ಲಿ, ಯಾವ ಟೌನೂ ದೊಡ್ಡ ಸೈಟು ದೊಡ್ಡ ಮನೆ ಮಾತ್ರ ಅಂತ ನಿಯಮ ಮಾಡಿ ಬಡವರನ್ನ ಹೊರಗಿಡಂಗಿಲ್ಲ, ಕೈಗೆಟಕೋ ಮನೆಗಳಿಗೂ ಜಾಗ ಬಿಡಬೇಕು ಅಂತ ಅದೇ ಕೋರ್ಟು ಹೇಳ್ತು.

ಹಾಗಾಗಿ ನೀವು ಮನೆ ಮಾರಬೇಕಿಲ್ಲ. ನಿಮ್ಮ ಟೌನಿನ ಮೀಟಿಂಗಿಗೆ ಅಪಾರ್ಟ್‌ಮೆಂಟ್ ಪ್ಲಾನ್ ಬಂದಾಗ ‘ಇದರಿಂದ ನಮ್ಮ ಸ್ಕೂಲು ಹಾಳಾಗುತ್ತೆ’ ಅಂತ ಅಕ್ಕಪಕ್ಕದವರು ಎದ್ದು ನಿಲ್ತಾರೆ, ಅವತ್ತು ನೀವೂ ಎದ್ದು ನಿಂತು ಬರಲಿ ಬಿಡಿ ಅನ್ನಿ. ರಾಜ್ಯದ ಶಾಲಾ ಅನುದಾನದ ಸೂತ್ರ ಬದಲಾಗೋ ಮಾತು ಬಂದಾಗ ನಿಮ್ಮ ಟೌನಿಗೆ ಸ್ವಲ್ಪ ಕಮ್ಮಿ ಆದ್ರೂ ಸರಿ ಅನ್ನೋ ಕಡೆ ಓಟು ಹಾಕಿ. ಸುಲಭ ಅಲ್ಲ, ಗೊತ್ತು.

ಪ್ರಶ್ನೆ: ಸರ್ಕಾರಿ ಶಾಲೆ ಸರಿಯಿಲ್ಲ ಅಂದ್ರೆ ಆ ದುಡ್ಡನ್ನ ಪೋಷಕರ ಕೈಗೇ ವೋಚರ್ ರೂಪದಲ್ಲಿ ಕೊಡಲಿ, ಅದನ್ನೇ ಫೀಸಿಗೆ ಕಟ್ಟಿ ಬಡವರೂ ಪ್ರೈವೇಟಿಗೆ ಕಳಿಸ್ತಾರೆ. ಇದು ಒಳ್ಳೇ ಐಡಿಯಾ ಅಲ್ವಾ?

ಉತ್ತರ: ಕೇಳೋಕೆ ಚೆನ್ನಾಗಿದೆ. 1990ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಊರಲ್ಲಿ ಶುರುವಾದಾಗ ಬಡವರಿಗೆ ಅಂತಲೇ ಶುರು ಮಾಡಿದ್ರು. 2022ರಲ್ಲಿ ಅರಿಜೋನಾ ಬಡವ ಬಲ್ಲಿದ ನೋಡದೆ ಎಲ್ರಿಗೂ ಬಾಗಿಲು ತೆಗೀತು, ಮೊದಲ ಸುತ್ತಲ್ಲಿ ಅರ್ಜಿ ಹಾಕಿದವರಲ್ಲಿ ಹೆಚ್ಚಿನವರ ಮಕ್ಕಳು ಸರ್ಕಾರಿ ಶಾಲೆಲಿ ಇರಲೇ ಇಲ್ಲ. ಮೊದಲೇ ಪ್ರೈವೇಟ್ ಫೀಸು ಕಟ್ತಿದ್ದವರಿಗೆ ಸರ್ಕಾರದ ದುಡ್ಡು ಸಿಕ್ತು. ಇನ್ನೊಂದು, ವೋಚರ್ ಮೊತ್ತ 60,000 ಡಾಲರ್ ಫೀಸಿನ ಹತ್ತಿರಕ್ಕೂ ಬರಲ್ಲ, ವೋಚರ್ ಹಿಡ್ಕೊಂಡು ಹೋದ ಮಗುವನ್ನ ಆ ಶಾಲೆ ಸೇರಿಸಿಕೊಳ್ಳಬೇಕು ಅಂತನೂ ಇಲ್ಲ. 2017ರ ತೆರಿಗೆ ಕಾನೂನು ಬೇರೆ, ಕಾಲೇಜಿಗೆ ಅಂತ ಕೂಡಿಟ್ಟ ತೆರಿಗೆ ವಿನಾಯಿತಿಯ ಖಾತೆಯಿಂದ ವರ್ಷಕ್ಕೆ 10,000 ಡಾಲರ್ ತನಕ ಪ್ರೈವೇಟ್ ಸ್ಕೂಲ್ ಫೀಸಿಗೂ ತೆಗೀಬಹುದು ಅಂತ ಮಾಡ್ತು. ಕೂಡಿಡೋಕೆ ಕೈಲಿ ಇರೋರಿಗೆ ತಾನೇ ಅದು ಉಪಯೋಗಕ್ಕೆ ಬರೋದು. ಲಾಭಕ್ಕಲ್ಲದ ಪ್ರೈವೇಟ್ ಶಾಲೆಗೆ ಕೊಡೋ ದಾನಕ್ಕೂ ತೆರಿಗೆ ರಿಯಾಯಿತಿ ಇದೆ. ಈ ಬಿಟ್ಟುಕೊಟ್ಟ ತೆರಿಗೆಯೂ ಸಾರ್ವಜನಿಕರ ದುಡ್ಡೇ, ಅದು ಶಾಲೆ ಖರ್ಚು ಅಂತ ಎಲ್ಲೂ ಲೆಕ್ಕಕ್ಕೆ ಬರಲ್ಲ ಅಷ್ಟೇ.

ಪ್ರಶ್ನೆ: ಕೋರ್ಟಲ್ಲಿ ಗೆದ್ದ ಕಡೆ ನಿಜವಾಗ್ಲೂ ದುಡ್ಡು ಬಂತಾ? ಇತ್ತೀಚಿನ ಉದಾಹರಣೆ ಇದ್ರೆ ಹೇಳಿ. (ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ)

ಉತ್ತರ: ಪೆನ್ಸಿಲ್ವೇನಿಯಾದ್ದು ಹೇಳ್ತೀನಿ ಮೇಡಂ. 2013ರಲ್ಲಿ ಫಿಲಡೆಲ್ಫಿಯಾ ಊರು ದುಡ್ಡಿಲ್ಲ ಅಂತ 24 ಶಾಲೆ ಮುಚ್ಚಿ ಸಾವಿರಗಟ್ಟಲೆ ಸಿಬ್ಬಂದಿನ ಮನೆಗೆ ಕಳಿಸ್ತು, ಎಷ್ಟೋ ಶಾಲೆಲಿ ಮಕ್ಕಳಿಗೆ ಸಲಹೆ ಕೊಡೋ ಕೌನ್ಸೆಲರ್ ಇಲ್ಲ, ದಿನವಿಡೀ ನರ್ಸ್ ಇಲ್ಲ. ಮಾರನೇ ವರ್ಷ, 2014ರ ನವೆಂಬರ್‌ನಲ್ಲಿ ಆ ರಾಜ್ಯದ ಆರು ಸ್ಕೂಲ್ ಡಿಸ್ಟ್ರಿಕ್ಟು, ಕೆಲವು ಪೋಷಕರು ಸೇರಿ ರಾಜ್ಯದ ಮೇಲೆ ಕೇಸ್ ಹಾಕಿದ್ರು. ವಿಚಾರಣೆ ಶುರುವಾಗೋಕೇ ಏಳು ವರ್ಷ ಹಿಡೀತು. ವಿಚಾರಣೆಲಿ ಶಾಸನಸಭೆ ನಾಯಕರ ಪರ ವಕೀಲರು ಒಬ್ಬ ಸಾಕ್ಷಿಗೆ ಕೇಳಿದ ಪ್ರಶ್ನೆ ದೇಶವೆಲ್ಲ ಸುದ್ದಿಯಾಯ್ತು, ಬಡಗಿ ಆಗೋನಿಗೆ ಬಯಾಲಜಿಯಿಂದ ಏನು ಉಪಯೋಗ, ಬರ್ಗರ್ ಅಂಗಡಿ ಕೆಲಸದ ದಾರಿ ಹಿಡಿದೋನಿಗೆ ಆಲ್ಜೀಬ್ರಾದಿಂದ ಏನು ಉಪಯೋಗ ಅಂತ. ಟೀಚರ್ ಆಗಿ ನಿಮಗೆ ಇದು ಎಲ್ಲಿ ಚುಚ್ಚುತ್ತೆ ಅಂತ ನನಗೆ ಗೊತ್ತು, ಮಗು ಇನ್ನೂ ಏನಾಗುತ್ತೆ ಅಂತ ತಾನೇ ತೀರ್ಮಾನ ಮಾಡಿಲ್ಲ, ಅವರು ಮನೆ ಕಂದಾಯ ನೋಡಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ರು.

2023ರ ಫೆಬ್ರವರಿ 7ಕ್ಕೆ ಜಡ್ಜ್ ರೆನೆ ಕೋನ್ ಜುಬೆಲಿರರ್ 786 ಪುಟದ ತೀರ್ಪು ಕೊಟ್ರು, ಈ ಅನುದಾನ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ. ಆದ್ರೆ ಇಷ್ಟು ದುಡ್ಡು ಇಂಥ ದಿನ ಕೊಡಿ ಅಂತ ಜಡ್ಜ್ ಹೇಳಲಿಲ್ಲ, ಸರ್ಕಾರ, ಶಾಸಕರು, ಕೇಸ್ ಹಾಕಿದವರು ಸೇರಿ ದಾರಿ ಹುಡುಕಿ ಅಂದ್ರು. 2024ರ ಬಜೆಟ್ಟಲ್ಲಿ ಕೊರತೆ ಇರೋ ಡಿಸ್ಟ್ರಿಕ್ಟುಗಳಿಗೆ ಅಂತ ಸುಮಾರು 50 ಕೋಟಿ ಡಾಲರ್ ಮೊದಲ ಕಂತು ಬಂತು, ಕೊರತೆ ಪೂರ್ತಿ ತುಂಬೋಕೆ ಇನ್ನೂ ಹಲವು ವರ್ಷದ ಕಂತು ಬೇಕು, ಪ್ರತಿ ವರ್ಷದ ಬಜೆಟ್ಟಲ್ಲೂ ಅದಕ್ಕೆ ಜಗಳ ಆಡಬೇಕು. ಕೇಸ್ ಹಾಕಿದ ದಿನ ಒಂದನೇ ಕ್ಲಾಸಲ್ಲಿದ್ದ ಮಗು, ಆ ಮೊದಲ ಕಂತು ಶಾಲೆ ಮುಟ್ಟೋ ಹೊತ್ತಿಗೆ ಹನ್ನೊಂದನೇ ಕ್ಲಾಸಲ್ಲಿತ್ತು.